ಕೊನೆಯಲ್ಲಿ ನಡೆಯುವವನು

ಸೆಪ್ಟೆಂಬರ್ 8

ಪ್ರೀತಿಯ ಅಕ್ಕಾ,

ಈ ಕಾಲದಲ್ಲೂ ಕಾಗದ ಬರೆಯುವವನು ಯಾರಪ್ಪ ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ನಾನೇ. ನೀನು ಫೋನ್ ಮಾಡಿದ್ದನ್ನು ನೋಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಎತ್ತಲಾಗಲಿಲ್ಲ. ಆಮೇಲೆ ಮಾಡೋಣ ಎಂದುಕೊಂಡರೆ ಆ ‘ಆಮೇಲೆ’ ಬರುವುದೇ ಇಲ್ಲ. ಮೊಬೈಲಿನಲ್ಲಿ ಅಕ್ಷರ ಕುಟ್ಟುವುದಂತೂ ನನಗೆ ಆಗಿಬರುವುದಿಲ್ಲ. ಆ ಪುಟ್ಟ ಪರದೆ ನೋಡಿ ನೋಡಿ ಕಣ್ಣು ಕೆಡಿಸಿಕೊಂಡವರೇ ನನ್ನಂಥ ಕನ್ನಡಕದ ಅಂಗಡಿಯವನ ಅನ್ನದಾತರು, ನಾನೂ ಹೋಗಿ ಅದೇ ಸಾಲಿನಲ್ಲಿ ನಿಲ್ಲಲೇ? ಅದಕ್ಕೇ ಕಾಗದ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಕಾಗದವಾದರೆ ಬೇಕೆಂದಾಗ ಮತ್ತೆ ಓದಬಹುದು.

ಸುದ್ದಿ ಏನೆಂದರೆ, ನಾನು ಕಾಡಿಗೆ ಹೊರಟಿದ್ದೇನೆ. ಗಾಬರಿಯಾಗಬೇಡ, ಸಂನ್ಯಾಸಕ್ಕಲ್ಲ. ಅಂಗಡಿಯ ಹಿಂದಿನ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಒಂದು ಗುಂಪಿದೆ ಎಂದು ಹೇಳಿದ್ದೆನಲ್ಲ, ಅವರೆಲ್ಲ ಸೇರಿ ಬೆಟ್ಟಸಾಲಿನ ರೈಲು ಹಳಿಯ ಮೇಲೆ ನಡೆಯಬೇಕೆಂದು ತೀರ್ಮಾನಿಸಿದ್ದಾರೆ. ಆ ಮಾರ್ಗದಲ್ಲಿ ಈಗ ಜನರ ಗಾಡಿ ಓಡುವುದಿಲ್ಲ, ಆಗೊಮ್ಮೆ ಈಗೊಮ್ಮೆ ಗೂಡ್ಸ್ ಗಾಡಿ ಹೋಗುತ್ತದಷ್ಟೆ. ಎರಡು ದಿನ ನಡಿಗೆ, ನಡುವೆ ಒಂದು ಖಾಲಿ ಸ್ಟೇಷನ್ನಿನಲ್ಲಿ ವಸತಿ. ರೈಲ್ವೆಯವರ ಅನುಮತಿಗೆ ಅರ್ಜಿ ಹೋಗಿದೆ. ಇವಳು ಮಾತ್ರ “ಪಾರ್ಕು ಸುತ್ತೋಕೇ ಏದುಸಿರು ಬಿಡ್ತೀರಿ, ಬೆಟ್ಟ ಬೇರೆ ಕೇಡು” ಎಂದು ಮೂಗು ಮುರಿಯುತ್ತಿದ್ದಾಳೆ.

ಭಾವ ಊರಿನಿಂದ ಬಂದರಾ? ಅವರು ಹೋದ ವಿಷಯ ನೀನು ಫೋನಿನಲ್ಲಿ ಹೇಳಿದಾಗ ನನಗಂತೂ ಖುಷಿಯಾಯಿತು. ವರ್ಷವಿಡೀ ಆಫೀಸು, ಮನೆ, ಆಫೀಸು ಎಂದು ಗಾಣದೆತ್ತಿನ ಹಾಗೆ ಸುತ್ತಿದ ಮನುಷ್ಯ. ನಾಲ್ಕು ಕಡೆ ತಿರುಗಾಡಿಕೊಂಡು ಬರಲಿ. ನೀನೂ ಅಲ್ಲಿಯವರೆಗೆ ಕಾಲು ಚಾಚಿ ನೆಮ್ಮದಿಯಾಗಿರು.

ನಿನ್ನ
ಮರಿ


ಸೆಪ್ಟೆಂಬರ್ 20

ತಮ್ಮನಿಗೆ,

ಕಾಗದ ತಲುಪಿತು.

ನಮ್ಮ ಲೈಬ್ರರಿಯಲ್ಲಿ ಓದುವ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಪುಸ್ತಕಗಳನ್ನೆಲ್ಲ ಕಾರಿಡಾರಿಗೆ ಸಾಗಿಸಿ, ಮೇಲೆ ಹಳೆಯ ಪರದೆಗಳನ್ನು ಹೊದಿಸಿದ್ದೇವೆ. ದಿನವಿಡೀ ಧೂಳು. ಮನೆಗೆ ಬಂದರೆ ಸೀನು ನಿಲ್ಲುವುದಿಲ್ಲ.

ನಿನ್ನ ಭಾವ ಬಂದಿಲ್ಲ. ಅವರ ಬಗ್ಗೆ ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಮೊದಲು ತಮಾಷೆ ಎಂದುಕೊಂಡೆ. ಆಮೇಲೆ, ಇಲ್ಲ, ಇವನು ಮನಸ್ಸಿನಲ್ಲಿದ್ದುದನ್ನೇ ಬರೆದಿದ್ದಾನೆ ಅನ್ನಿಸಿತು. ಆಗಲಿ. ನಿನಗೆ ಅವರ ಮೇಲೇ ಮರುಕ ಬಂದಿದ್ದರೆ ನಾನೇನು ಮಾಡಲಿ? ನೆಮ್ಮದಿಯಾಗಿರು ಎಂದೆಯಲ್ಲ, ಇದ್ದೇನೆ.

ನೀನು ಕಾಡಿಗೆ ಹೋಗುವುದಾದರೆ ಗಟ್ಟಿ ಬೂಟು ತೆಗೆದುಕೊ. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು.

ಅಕ್ಕ


ಅಕ್ಟೋಬರ್ 2

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಓದಿ ಹೊರಗೆ ಬಿಸಿಲಿದ್ದರೂ ಚಳಿಯಾಯಿತು. ಎಲ್ಲ ಧೂಳಿನ ಪ್ರಭಾವ ಎಂದುಕೊಂಡೆ. ಸೀನು ಬಂದಾಗ ನಿನಗೆ ಮೊದಲಿನಿಂದಲೂ ಲೋಕದ ಮೇಲೇ ಸಿಟ್ಟು ಬರುತ್ತದೆ. ಭಾವನ ಮೇಲೆ ಮರುಕ ಯಾಕೆ ಬೇಡ ಹೇಳು? ಹೊರಗೆ ಊಟ, ಹೊರಗೆ ನಿದ್ದೆ, ಈ ವಯಸ್ಸಿನಲ್ಲಿ ಸುಲಭವಲ್ಲ. ಬಂದ ಮೇಲೆ ಒಂದು ವಾರ ಅವರಿಗೆ ಮೆತ್ತಗಿನ ಅಡುಗೆ ಮಾಡಿಹಾಕು.

ನಮಗೆ ಅನುಮತಿ ಸಿಕ್ಕಿದೆ! ಗುಂಪಿಗೆ ನಾಯಕರು ನಮ್ಮ ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಪೀಪಿ ಇನ್ನೂ ಕೊರಳಿನಲ್ಲೇ ಇದೆ. ಮಲಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ. ಆಮೇಲೆ ಬೇಕರಿಯವನು. ಅವನು ನಡೆಯುವುದು ತೂಕ ಇಳಿಸಲು, ನಡೆದ ಮೇಲೆ ತನ್ನದೇ ಬನ್ನು ತಿಂದು ಲೆಕ್ಕ ಸರಿಮಾಡುತ್ತಾನೆ. ಆಸ್ಪತ್ರೆಯ ನರ್ಸ್ ಒಬ್ಬಳಿದ್ದಾಳೆ, ಚುರುಕು ಹುಡುಗಿ, ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ. ಅಂಚೆ ಕಚೇರಿಯ ಗಂಡ ಹೆಂಡತಿ ಇದ್ದಾರೆ, ಅವರಿಬ್ಬರೂ ಜಗಳವಾಡಿಕೊಂಡೇ ಎಷ್ಟು ದೂರ ಬೇಕಾದರೂ ನಡೆಯಬಲ್ಲರು.

ನನಗೂ ಒಂದು ಹುದ್ದೆ ಸಿಕ್ಕಿದೆ. ಮೇಷ್ಟ್ರು ಪಾರ್ಕಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಏನೋ ಹೇಳುತ್ತಿದ್ದರು. ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ನನ್ನ ಗಮನ ಎಲ್ಲಿತ್ತೋ. ವಾಪಸು ಬರುವಾಗ ಬೇಕರಿಯವನು ಬಿಡಿಸಿ ಹೇಳಿದ ಮೇಲೇ ತಿಳಿದದ್ದು ನಾನು ಒಪ್ಪಿಕೊಂಡದ್ದು ಏನನ್ನು ಎಂದು. ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವವನು ನಾನು. ಹಿಂದಿನಿಂದ ಗಾಡಿ ಬಂದರೆ ಪೀಪಿ ಊದಿ ಮುಂದಿನವರನ್ನು ಎಚ್ಚರಿಸಬೇಕು. “ನೀವು ಮಾತು ಕಡಿಮೆ, ಗಮನ ಜಾಸ್ತಿ. ಯಾವಾಗ್ಲೂ ಹಿಂದೇನೇ ನಡೀತೀರಿ. ಈ ಕೆಲ್ಸ ನಿಮಗೇ ಸರಿ” ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಬೇಡ ಎನ್ನುವುದು ಹೇಗೆ? ಹೇಗೂ ದಿನಕ್ಕೆ ಒಂದೋ ಎರಡೋ ಗಾಡಿಯಂತೆ.

ಹೊಸ ಬೂಟಿನಲ್ಲಿ ಅಂಗಡಿಯಲ್ಲೆಲ್ಲ ಓಡಾಡಿ ಅಭ್ಯಾಸ ಮಾಡುತ್ತಿದ್ದೇನೆ. ಗಿರಾಕಿಗಳು ನನ್ನ ಮುಖ ಬಿಟ್ಟು ಕಾಲು ನೋಡುತ್ತಾರೆ.

ನಿನ್ನ
ಮರಿ


ಅಕ್ಟೋಬರ್ 13

ತಮ್ಮನಿಗೆ,

ಮೆತ್ತಗಿನ ಅಡುಗೆ! ಇಂಥ ಮಾತು ಬರೆಯಲು ನಿನಗೆ ಕೈ ಹೇಗೆ ಬಂತು? ಚಿಕ್ಕಂದಿನಲ್ಲಿ ಬಿದ್ದ ಇರುವೆಯನ್ನೂ ಎತ್ತಿ ಗೋಡೆಗೆ ಬಿಡುತ್ತಿದ್ದ ಹುಡುಗ ನೀನು. ಅವತ್ತು ಫೋನಿನಲ್ಲಿ ನೀನು ನಕ್ಕೆಯಲ್ಲ, ಆ ನಗುವಿಗೆ ಏನು ಅರ್ಥ ಹಚ್ಚುವುದೆಂದು ಈಗಲೂ ನನಗೆ ತಿಳಿದಿಲ್ಲ. ಕೇಳಬೇಕೆಂದೇ ಮತ್ತೆ ಮತ್ತೆ ಫೋನ್ ಮಾಡಿದ್ದು. ನೀನು ಎತ್ತುವುದಿಲ್ಲ. ಕಾಗದದಲ್ಲಿ ಕೇಳುವ ಮಾತಲ್ಲ ಅದು. ಬಿಡು.

ಒಂದು ಮಾತು ಮಾತ್ರ ಕೇಳು. ಹಳಿಯ ಮೇಲೆ ಎಲ್ಲರಿಗಿಂತ ಹಿಂದೆ ನಡೆಯುವುದು ಹುಡುಗಾಟಿಕೆಯಲ್ಲ. ಕನಸು ಕಾಣುತ್ತಾ ನಡೆಯುವ ಅಭ್ಯಾಸ ನಿನಗೆ. ಕರೆದರೆ ಒಂದೇ ಸಲಕ್ಕೆ ತಿರುಗಿದವನಲ್ಲ ಇತ್ತೀಚೆಗೆ. ಕಳೆದ ವರ್ಷ ಬಂದಿದ್ದಾಗ ಸ್ಟೇಷನ್ನಿನಲ್ಲಿ ನಾನು ಹಿಂದಿನಿಂದ ಕೂಗುತ್ತಲೇ ಇದ್ದೆ, ನೀನು ನಿನ್ನ ಪಾಡಿಗೆ ಹೋಗಿ ಗಾಡಿ ಹತ್ತಿಬಿಟ್ಟೆ. ಅವತ್ತೂ ನನಗೆ ಬೇಜಾರಾಗಿತ್ತು. ಆ ಕೆಲಸವನ್ನು ಬೇರೆ ಯಾರಿಗಾದರೂ ಕೊಡಲಿ.

ಅಕ್ಕ


ನವೆಂಬರ್ 3

ಪ್ರೀತಿಯ ಅಕ್ಕಾ,

ಹೋಗಿ ಬಂದೆವು. ಎಲ್ಲರೂ ಕ್ಷೇಮ, ಹೆಚ್ಚುಕಡಿಮೆ.

ಎಂಥ ಜಾಗ ಅಂತೀಯ! ಮಳೆ ಮುಗಿದು ಬೆಟ್ಟಗಳೆಲ್ಲ ತೊಳೆದಿಟ್ಟ ಹಾಗಿದ್ದವು. ಹಳಿಯ ಎರಡೂ ಪಕ್ಕ ಮರಗಳು ಎಷ್ಟು ಒತ್ತಾಗಿವೆಯೆಂದರೆ ಹಳಿಗೂ ಅವಕ್ಕೂ ನಡುವೆ ಜಗಳ ನಡೆದಿದೆ, ಈಗಲೋ ಆಗಲೋ ಮರಗಳೇ ಗೆಲ್ಲುತ್ತವೆ ಅನ್ನಿಸುತ್ತದೆ. ಹಳಿಗೆ ಅಡ್ಡಲಾಗಿ ಹಾಸಿದ ಸ್ಲೀಪರುಗಳ ಮೇಲೆ ನಡೆಯುವುದೇ ಒಂದು ಕಷ್ಟ. ಒಂದೊಂದಕ್ಕೂ ಕಾಲಿಟ್ಟರೆ ಹೆಜ್ಜೆ ಗಿಡ್ಡವಾಗುತ್ತದೆ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ಉದ್ದವಾಗುತ್ತದೆ. ಮೊದಲ ದಿನ ಮುಗಿಯುವಷ್ಟರಲ್ಲಿ ಎಲ್ಲರೂ ಹೊಸದಾಗಿ ನಡೆಯಲು ಕಲಿತ ಮಕ್ಕಳ ಹಾಗೆ ತೂರಾಡುತ್ತಿದ್ದೆವು. ಆ ಖಾಲಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕಿಂಡಿಯೊಳಗಿಂದ ಒಂದು ಬಳ್ಳಿ ಹೊರಗೆ ಕೈ ಚಾಚಿತ್ತು. ಬೇಕರಿಯವನು ಅದರ ಮುಂದೆ ನಿಂತು “ಒಂದು ಟಿಕೆಟ್ ಕೊಡಮ್ಮಾ, ಮನೆಗೆ ಹೋಗ್ತೀನಿ” ಎಂದು ಬೇಡಿಕೊಂಡ.

ಎರಡನೇ ದಿನ ಒಂದು ಸಣ್ಣ ಗಡಿಬಿಡಿ. ಸೇತುವೆ ದಾಟುವಾಗ ಗೂಡ್ಸ್ ಗಾಡಿಯೊಂದು ಹಾರನ್ ಹಾಕದೆ ಬಂದುಬಿಟ್ಟಿತು. ಬೇಕರಿಯವನು ಪಕ್ಕಕ್ಕೆ ಹಾರುವಾಗ ಬಿದ್ದು ಕೈ ಮುರಿದುಕೊಂಡ. ಉಳಿದವರಿಗೆ ಏನೂ ಆಗಿಲ್ಲ. ಮೇಷ್ಟ್ರು ಆ ಡ್ರೈವರನ ಮೇಲೆ ದೂರು ಕೊಡುತ್ತಾರಂತೆ.

ಅಷ್ಟೇ. ಅಂಗಡಿಯಲ್ಲಿ ಕೆಲಸ ತುಂಬಾ ಇದೆ. ಒಬ್ಬ ಬಸ್ ಡ್ರೈವರ್ ಕನ್ನಡಕ ಸರಿಯಿಲ್ಲ ಎಂದು ವಾಪಸು ತಂದುಕೊಟ್ಟು ಹೋಗಿದ್ದಾನೆ. ಮತ್ತೆ ಪರೀಕ್ಷೆ ಮಾಡಬೇಕು.

ನಿನ್ನ
ಮರಿ


ನವೆಂಬರ್ 12

ತಮ್ಮನಿಗೆ,

ನಿನ್ನ ಕಾಗದ ಬಂದ ದಿನವೇ, ಜೀವ ತಡೆಯದೆ, ಲೈಬ್ರರಿಯ ಫೋನಿನಿಂದ ನಿನ್ನ ಅಂಗಡಿಗೆ ಫೋನ್ ಮಾಡಿದೆ. ಬೇರೆ ನಂಬರು ನೋಡಿ ನೀನು ಎತ್ತಿದೆ. “ಮರೀ, ನಾನು ಕಣೋ” ಎಂದೆ. ನೀನು “ಹಲೋ, ಹಲೋ” ಎಂದೆ. “ನಾನು, ಅಕ್ಕ” ಎಂದೆ. “ಅಂಗಡಿ ಏಳರವರೆಗೆ ತೆಗೆದಿರುತ್ತೆ, ಬನ್ನಿ” ಎಂದು ಇಟ್ಟುಬಿಟ್ಟೆ.

ಅಂಗಡಿ ಏಳರವರೆಗೆ ತೆಗೆದಿರುತ್ತದೆ. ಒಡಹುಟ್ಟಿದ ಅಕ್ಕನಿಗೆ ಆಡುವ ಮಾತೇ ಇದು? ನನ್ನ ದನಿ ನಿನಗೆ ಗುರುತು ಸಿಗಲಿಲ್ಲ ಎಂದು ಹೇಳಬೇಡ. ಆ ದನಿಯಲ್ಲೇ ನಿನಗೆ ಓದು ಬರಹ ಕಲಿಸಿದ್ದೇನೆ.

ನನ್ನ ಕಷ್ಟ ನಿನಗೆ ಅಂಟೀತು ಎಂದು ಹೆದರಿಕೆಯಾಗಿದ್ದರೆ ನೇರವಾಗಿ ಹೇಳು. ನಾನು ನಿನ್ನ ಬಾಗಿಲಿಗೆ ಬರುವುದಿಲ್ಲ. ಇನ್ನು ಬರೆಯುವುದೂ ಇಲ್ಲ.

ಅಕ್ಕ


ಡಿಸೆಂಬರ್ 1

ಅಕ್ಕಾ,

ಓದದೆ ಹರಿದು ಹಾಕಬೇಡ. ಕೊನೆಯವರೆಗೆ ಓದು, ಆಮೇಲೆ ಏನು ಬೇಕಾದರೂ ಮಾಡು.

ನನಗೆ ಕಿವಿ ಕೇಳಿಸುವುದಿಲ್ಲ.

ಪೂರ್ತಿ ಅಲ್ಲ. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಮಾತಾಡಿದರೆ ಮುಕ್ಕಾಲು ಪಾಲು ಹಿಡಿಯುತ್ತೇನೆ. ಹಿಂದಿನಿಂದ ಕರೆದರೆ ಇಲ್ಲ. ಫೋನಿನಲ್ಲಿ ಬರೀ ಒಂದು ಗುಂಯ್‌ಗುಡುವಿಕೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಪದ. ಎರಡು ಮೂರು ವರ್ಷಗಳಿಂದ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಇವಳಿಗೆ ಗೊತ್ತು. ಟೀವಿಯ ಸದ್ದು ಏರಿಸಿದಾಗಲೆಲ್ಲ “ಡಾಕ್ಟರಿಗೆ ತೋರಿಸಿ” ಎನ್ನುತ್ತಿದ್ದಳು. ನಾನು ರೇಗುತ್ತಿದ್ದೆ. ಈಗ ಸುಮ್ಮನೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಕನ್ನಡಕ ಹಾಕಿಕೊಳ್ಳಲು ನಾಚುವ ಹುಡುಗಿಯರಿಗೆ, ಮುದುಕಿಯರಿಗೆ ಬೆಳಗಿಂದ ಸಂಜೆಯವರೆಗೆ ಬುದ್ಧಿ ಹೇಳುವವನು ನಾನು. “ಇದ್ರಲ್ಲಿ ನಾಚ್ಕೆ ಏನಮ್ಮಾ?” ಎಂದು ಅಂದವಾದ ಫ್ರೇಮು ಮೂಗಿನ ಮೇಲೆ ಕೂರಿಸುವವನು. ನನ್ನ ಕಿವಿಗೊಂದು ಮೆಷಿನ್ನು ಎಂದ ಕೂಡಲೇ ಮೈಯೆಲ್ಲ ಮುಳ್ಳಾಗುತ್ತಿತ್ತು. ಕಿವುಡ ಎಂಬ ಮಾತಿನಲ್ಲಿ ಜನರಿಗೆ ನಗು ಬರುತ್ತದೆ ಅಕ್ಕಾ. ಕಣ್ಣು ಮಂಜಾದವನನ್ನು ಕೈಹಿಡಿದು ನಡೆಸುತ್ತಾರೆ. ಕಿವಿ ಮಂದವಾದವನನ್ನು ನೋಡಿ ನಗುತ್ತಾರೆ.

ಆ ದಿನ ನಡೆದದ್ದನ್ನು ಈಗ ಸರಿಯಾಗಿ ಬರೆಯುತ್ತೇನೆ.

ಒಂದು ಸುರಂಗ, ಅದನ್ನು ದಾಟಿದ ಕೂಡಲೇ ಸೇತುವೆ, ಸೇತುವೆಯ ಪಕ್ಕದಲ್ಲೇ ಜಲಪಾತ. ನೀರಿನ ಆರ್ಭಟಕ್ಕೆ ಸೇತುವೆಯ ಮೇಲಿರುವವರಿಗೆ ಗಾಡಿ ಬಂದದ್ದು ತಿಳಿಯುವುದಿಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಅದಕ್ಕೇ ನಾನು ಸುರಂಗದ ಬಾಯಲ್ಲಿ ನಿಲ್ಲಬೇಕು, ಎಲ್ಲರೂ ದಾಟುವವರೆಗೆ ಸುರಂಗಕ್ಕೆ ಕಿವಿಗೊಟ್ಟಿರಬೇಕು. ಪೀಪಿಯ ಸದ್ದು ನೀರನ್ನೂ ಸೀಳಿಕೊಂಡು ಹೋಗುತ್ತದೋ ಇಲ್ಲವೋ ಎಂದು ಅವರು ಊದಿಸಿ ನೋಡಿದ್ದರು. ಅಷ್ಟು ಜಾಗ್ರತೆ. ಅವರ ಜಾಗ್ರತೆಯಲ್ಲಿ ತೂತು ಇದ್ದದ್ದು ಒಂದೇ, ಅದು ನಾನು.

ನಿಂತಿದ್ದೆ. ಸುರಂಗದ ಕಡೆ ನೋಡುತ್ತಿರಬೇಕಿತ್ತು. ಕಿವಿ ಇಲ್ಲದವನು ಕಣ್ಣನ್ನಾದರೂ ಅಲ್ಲಿಡಬೇಕಲ್ಲ? ಆದರೆ ಬಿಸಿಲು ಜಲಪಾತದ ಮೇಲೆ ಬಿದ್ದಿತ್ತು, ಅವರು ಒಬ್ಬರ ಹಿಂದೆ ಒಬ್ಬರು ಸೇತುವೆಯ ಮೇಲೆ ಹೋಗುವುದು ಚಂದ ಕಾಣುತ್ತಿತ್ತು. ನೋಡುತ್ತಾ ನಿಂತುಬಿಟ್ಟೆ. ಆಗ ಕತ್ತಿನ ಹಿಂದೆ ತಣ್ಣಗೆ ಗಾಳಿ ಬಡಿಯಿತು. ಹಾಯೆನಿಸಿತು. ಆಮೇಲೆ ಅಂಗಾಲಿನ ಕೆಳಗೆ ಜಲ್ಲಿ ಅದುರುತ್ತಿದೆ ಅನ್ನಿಸಿತು. ತಿರುಗಿದರೆ ಸುರಂಗದೊಳಗೆ ದೀಪ.

ಊದಿದೆ ಅಕ್ಕಾ. ಎದೆ ಒಡೆಯುವ ಹಾಗೆ ಊದಿದೆ. ನಾನು ಊದಿದ ಸದ್ದು ನನಗೇ ಕೇಳಿಸಲಿಲ್ಲ. ಪಕ್ಕದ ಚರಂಡಿಗೆ ಹಾರಿ ಬಿದ್ದೆ. ಎಂಜಿನ್ನು ನನ್ನನ್ನು ದಾಟಿಹೋಯಿತು. ಅದರ ಹಿಂದೆ ಡಬ್ಬಿಗಳು, ಒಂದರ ಹಿಂದೆ ಒಂದು, ಮುಗಿಯುವುದೇ ಇಲ್ಲ. ಸೇತುವೆಯ ಮೇಲೆ ಏನಾಯಿತೋ ನನಗೆ ಕಾಣದು. ನಾನು ಊದಿದ್ದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಕಬ್ಬಿಣದ ಆ ಗೋಡೆ ಹಾಯ್ದುಹೋಗುವವರೆಗೂ ಮಂಡಿಯೂರಿ ಕೂತಿದ್ದೆ. ಯಾವ ದೇವರನ್ನು ಕರೆದೆನೋ ನೆನಪಿಲ್ಲ.

ಎಲ್ಲರೂ ಸೇತುವೆಯ ಪಕ್ಕದಲ್ಲಿ, ತಪ್ಪಿಸಿಕೊಳ್ಳಲೆಂದೇ ಮಾಡಿಟ್ಟಿರುವ ಕಟಕಟೆಯಂಥ ಜಾಗದಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದರು. ಬೇಕರಿಯವನು ಕೊನೆಯ ಗಳಿಗೆಯಲ್ಲಿ ಅದರೊಳಗೆ ಹಾರಿ ಬಿದ್ದಿದ್ದ. ಅವನ ಕೈ ಇರಬಾರದ ದಿಕ್ಕಿಗೆ ತಿರುಗಿತ್ತು. ನರ್ಸ್ ತನ್ನ ಚೀಲದ ಪಟ್ಟಿಯಿಂದಲೇ ಅದನ್ನು ಕಟ್ಟುತ್ತಿದ್ದಳು.

ಮೇಷ್ಟ್ರು ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದರು, “ಸುರಂಗದೊಳಗೆ ಹಾರನ್ ಹಾಕ್ಲಿಲ್ವಾ ಅವ್ನು?”

ನಾನು ಹೇಳಿದೆ, “ಇಲ್ಲ.”

ಒಂದೇ ಪದ. ಗಾಡಿಗಿಂತ ವೇಗವಾಗಿ ಹೊರಟುಹೋಯಿತು.

ದೂರು ಹೋಯಿತು. ಅದರ ಕೊನೆಯಲ್ಲಿ ಮುಖ್ಯ ಸಾಕ್ಷಿ ನಾನು. ಒಂದು ವಾರದಲ್ಲೇ ಸುದ್ದಿ ಬಂತು: ಡ್ರೈವರನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ, ವಿಚಾರಣೆಗೆ ಬಂದು ಹೇಳಿಕೆ ಕೊಡಬೇಕು. ಮೇಷ್ಟ್ರು ಪಾರ್ಕಿನಲ್ಲಿ ಗೆದ್ದವರ ಹಾಗೆ ಓಡಾಡಿದರು. ನನಗೆ ಅನ್ನ ಸೇರುತ್ತಿರಲಿಲ್ಲ. ನೀನು ಫೋನ್ ಮಾಡಿದ್ದು ಆ ದಿನಗಳಲ್ಲೇ. ಯಾರೋ ಅಂಗಡಿಯ ಸಮಯ ಕೇಳುತ್ತಿದ್ದಾರೆ ಎಂದುಕೊಂಡೆ. ಹೆಣ್ಣು ದನಿ ಎಂದು ತಿಳಿಯಿತು. ನಿನ್ನ ದನಿ ಎಂದು ತಿಳಿಯಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಲೆನ್ಸು ಉಜ್ಜುವ ಮೆಷಿನ್ನಿನ ಹಿಂದೆ ಕೂತು ಅತ್ತುಬಿಟ್ಟೆ.

ಮರುದಿನವೋ ಅದರ ಮರುದಿನವೋ ನರ್ಸ್ ಅಂಗಡಿಗೆ ಬಂದಳು. ನಾನು ಗಾಜಿನ ಬೀರುವಿನ ಕಡೆ ತಿರುಗಿ ಫ್ರೇಮು ಜೋಡಿಸುತ್ತಿದ್ದೆ. ಎಷ್ಟು ಹೊತ್ತು ನಿಂತಿದ್ದಳೋ. ಗಾಜಿನಲ್ಲಿ ನೆರಳು ಕಂಡು ತಿರುಗಿದೆ. ಅವಳ ಕಣ್ಣು ಒದ್ದೆಯಾಗಿತ್ತು.

“ಅಣ್ಣಾ, ಮೂರು ಸಲ ಕರ್ದೆ” ಎಂದಳು.

“ಕೆಲ್ಸದಲ್ಲಿದ್ದೆ ಕಣಮ್ಮ.”

“ಅಂಗಡಿಗೆ ಬೆಂಕಿ ಬಿದ್ದಿದೆ ಅಂತ ಕೂಗ್ದೆ ಅಣ್ಣಾ. ಎದುರಿನ ಅಂಗಡಿಯವ್ರು ಓಡಿ ಬಂದ್ರು. ನೀವು ಫ್ರೇಮ್ ಜೋಡಿಸ್ತಾನೇ ಇದ್ರಿ.”

ಬಾಗಿಲಲ್ಲಿ ಎದುರಿನ ಅಂಗಡಿಯವನು ನೀರಿನ ಬಕೆಟ್ ಹಿಡಿದು ನಿಂತಿದ್ದ. ಅವನನ್ನು ನೋಡಿದ ಮೇಲೆ ಇನ್ನೇನು ಬಚ್ಚಿಡಲಿ? ಅವಳು ಬೈಯಲಿಲ್ಲ. ಇಷ್ಟೇ ಹೇಳಿದಳು, “ಆ ಡ್ರೈವರಿಗೂ ಮನೆ ಇರುತ್ತೆ. ಮೇಷ್ಟ್ರಿಗೆ ನಾನು ಹೇಳಲ್ಲ, ನೀವೇ ಹೇಳ್ಬೇಕು.”

ಹೇಳಿದೆ. ಪಾರ್ಕಿನ ಬೆಂಚಿನ ಮೇಲೆ, ಎಲ್ಲರ ಎದುರಿಗೆ. ಬೇಕರಿಯವನು ಪಟ್ಟಿ ಹಾಕಿದ ಕೈಯನ್ನೇ ನೋಡಿಕೊಂಡ. ಮೇಷ್ಟ್ರು “ಎಲ್ರ ಜೀವ ನಿಮ್ಮ ಕೈಲಿ ಕೊಟ್ಟಿದ್ದೆ” ಎಂದರು. ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಎದ್ದು ಹೋದವರು ಸ್ವಲ್ಪ ದೂರ ಹೋಗಿ ನಿಂತು, ಮತ್ತೆ ವಾಪಸು ಬಂದರು. “ನಡೀರಿ, ಆಫೀಸಿಗೆ. ದೂರು ಬರ್ದೋನು ನಾನು. ನಾನೂ ಬರ್ತೀನಿ.”

ರೈಲ್ವೆ ಕಚೇರಿಯ ಬೆಂಚಿನ ಮೇಲೆ ಡ್ರೈವರ್ ಕೂತಿದ್ದ. ನನ್ನದೇ ವಯಸ್ಸು. ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಅಧಿಕಾರಿಗೆ ಎಲ್ಲ ಹೇಳಿ, ಬರೆದುಕೊಟ್ಟು ಹೊರಗೆ ಬಂದಾಗ ಅವನು ಎದ್ದು ನಿಂತು ನನಗೆ ಏನೋ ಹೇಳಿದ. ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ನಗುತ್ತಿದ್ದೆ, ತಲೆಯಾಡಿಸುತ್ತಿದ್ದೆ. ಅವತ್ತು ಹೇಳಿದೆ, “ಇನ್ನೊಂದ್ಸಲ ಹೇಳಿ. ನಂಗೆ ಕಿವಿ ಕೇಳ್ಸಲ್ಲ.”

ಅವನು ಹತ್ತಿರ ಬಂದು ನನ್ನ ಭುಜ ಹಿಡಿದುಕೊಂಡ. “ಸುರಂಗ ಹೊಕ್ಕಾಗಿಂದ ಹಾರನ್ ಮೇಲೇ ಕೈ ಇಟ್ಟಿದ್ದೆ ಸ್ವಾಮಿ. ನೀವು ಅಲ್ಲಾಡ್ಲೇ ಇಲ್ಲ. ಬೆನ್ನು ಮಾತ್ರ ಕಾಣ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದನಾನೂ ಕೊಂದಿಲ್ಲ ನಾನು. ಒಬ್ಬ ಮನುಷ್ಯನ್ನ ಕೊಂದೇಬಿಟ್ಟೆ ಅಂದ್ಕೊಂಡೆ. ಈಗ್ಲೂ ಕಣ್ಮುಚ್ಚಿದ್ರೆ ಆ ಬೆನ್ನೇ.”

ಅವನು ಕೆಲಸ ಕಳೆದುಕೊಂಡನೆಂದು ಸಿಟ್ಟಾಗಿದ್ದಾನೆ ಎಂದುಕೊಂಡಿದ್ದೆ. ಅವನು ನನ್ನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ, ನಾನು ಬದುಕಿದ್ದೇನೆ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ.

ಅವನು ಮತ್ತೆ ಕೆಲಸಕ್ಕೆ ಸೇರಿದ್ದಾನೆ. ನಾನು ಕಿವಿ ಪರೀಕ್ಷೆ ಮಾಡಿಸಿಕೊಂಡಿದ್ದೇನೆ. ಮೆಷಿನ್ನು ಬರಲು ಸ್ವಲ್ಪ ದಿನ ಬೇಕಂತೆ. ಆ ಬಸ್ ಡ್ರೈವರನ ಕನ್ನಡಕವೂ ಹೀಗೇ ಕೆಟ್ಟದ್ದು. ಅವನು ಬೋರ್ಡಿನ ಅಕ್ಷರ ಒಂದು ಓದಿದರೆ ನಾನು ಇನ್ನೊಂದು ಕೇಳಿಸಿಕೊಂಡಿದ್ದೆ. ಈಗ ಗಿರಾಕಿಗಳ ಎದುರಿಗೇ ಕೂತು, ತುಟಿ ನೋಡಿಕೊಂಡು, ಪ್ರತಿಯೊಂದನ್ನೂ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ.

ಇನ್ನೊಂದು ಅಕ್ಕಾ. ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಓದಿದೆ. ‘ನನ್ನ ಕಷ್ಟ’ ಎಂದು ಬರೆದಿದ್ದೀಯ. ಯಾವ ಕಷ್ಟ? ಅವತ್ತು ಫೋನಿನಲ್ಲಿ ನೀನು ಏನು ಹೇಳಿದೆ? ಭಾವ ಹೋದರು ಎಂಬುದೊಂದು ಕೇಳಿಸಿತ್ತು. ಎಲ್ಲೋ ಊರು ಸುತ್ತಲು ಹೋಗಿದ್ದಾರೆ ಎಂದುಕೊಂಡು ನಕ್ಕೆ. ಮಿಕ್ಕದ್ದು ನನಗೆ ಕೇಳಿಸಿಲ್ಲ.

ಮರಿ


ಡಿಸೆಂಬರ್ 9

ಮರಿ,

ನಿನ್ನ ಕಾಗದವನ್ನು ಲೈಬ್ರರಿಯ ಕಾರಿಡಾರಿನಲ್ಲಿ ಪುಸ್ತಕದ ರಾಶಿಯ ಮೇಲೆ ಕೂತು ಓದಿದೆ.

ನಾನು ಹೇಳಿದ್ದು ಇದು: “ನಿನ್ನ ಭಾವ ನನ್ನ ಬಿಟ್ಟು ಹೋದ್ರು.” ನೀನು ನಕ್ಕು, “ಒಳ್ಳೇದಾಯ್ತು ಬಿಡಕ್ಕಾ, ಹೋಗ್ಲಿ” ಎಂದೆ.

ಆಗಸ್ಟ್ ತಿಂಗಳಿನ ಒಂದು ಬೆಳಿಗ್ಗೆ, ಬಟ್ಟೆಗಳನ್ನು ನೀಟಾಗಿ ಮಡಿಸಿ ಪೆಟ್ಟಿಗೆಗೆ ಹಾಕಿಕೊಂಡು, “ನನಗೆ ಇಲ್ಲಿ ಉಸಿರು ಕಟ್ಟುತ್ತೆ” ಎಂದು ಹೋದರು. ಜಗಳವಿಲ್ಲ, ಕೂಗಾಟವಿಲ್ಲ. ಬೇರೆ ಊರಿನಲ್ಲಿ ಮನೆ ಮಾಡಿದ್ದಾರೆ, ಅಲ್ಲಿ ಅವರೊಬ್ಬರೇ ಇಲ್ಲ. ನಾನು ಈ ವಿಷಯ ಹೇಳಿದ್ದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ, ನಿನಗೆ. ಮಹಡಿಯವರಿಗೆ, ಲೈಬ್ರರಿಯವರಿಗೆಲ್ಲ ದೂರದ ಊರಿಗೆ ವರ್ಗವಾಗಿದೆ ಎಂದಿದ್ದೇನೆ. ಹೇಳಿ ಹೇಳಿ ಆ ಊರಿನ ಹವೆ ಹೇಗಿದೆ ಎನ್ನುವುದನ್ನೂ ಕಲ್ಪಿಸಿಕೊಂಡುಬಿಟ್ಟಿದ್ದೇನೆ.

ನಿನ್ನ ಮೇಲೆ ನಾಲ್ಕು ತಿಂಗಳು ಹಗೆ ಸಾಧಿಸಿದೆ. ಅವರ ಮೇಲೆ ಬರಬೇಕಾದ ಸಿಟ್ಟೂ ನಿನ್ನ ಪಾಲಿಗೇ ಬಂತು ಅನ್ನಿಸುತ್ತದೆ. ಅವರಿಗೆ ಕಾಗದ ಬರೆಯುವ ಹಾಗಿರಲಿಲ್ಲವಲ್ಲ. ನೀನು ಸಿಕ್ಕೆ.

ನನ್ನ ದನಿಯೂ ಹಾಗೇ. ಓದುವ ಕೋಣೆಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಈಗ ಅಡುಗೆಮನೆಯಲ್ಲೂ ಪಿಸುಗುಟ್ಟುತ್ತೇನೆ. ಕಿವಿ ಚೆನ್ನಾಗಿರುವವರಿಗೂ ಕೇಳಿಸಿರಲಿಕ್ಕಿಲ್ಲ.

ನೀನು ಆ ಚರಂಡಿಗೆ ಹಾರುವುದು ಒಂದು ಕ್ಷಣ ತಡವಾಗಿದ್ದರೆ, ನಾನು ನಿನ್ನ ಮೇಲೆ ಮುನಿಸಿಕೊಂಡೇ ಇರುತ್ತಿದ್ದೆ, ಜೀವಮಾನವಿಡೀ.

ನಿನ್ನ
ಅಕ್ಕ


ಡಿಸೆಂಬರ್ 14

ಅಕ್ಕಾ,

ಕಾಗದ ಸಾಕು. ಶನಿವಾರದ ಗಾಡಿಗೆ ಬರುತ್ತಿದ್ದೇನೆ. ಇವಳೇ ಟಿಕೆಟ್ ತಂದುಕೊಟ್ಟಳು, “ಅಲ್ಲಿ ಹೋಗಿ ಸುಮ್ನೆ ತಲೆ ಆಡಿಸ್ಬೇಡಿ, ಕೇಳ್ಸದಿದ್ರೆ ಕೇಳ್ಸಲಿಲ್ಲ ಅನ್ನಿ” ಎಂದು ಆಣೆ ಮಾಡಿಸಿಕೊಂಡಿದ್ದಾಳೆ. ಮೆಷಿನ್ನು ಇನ್ನೂ ಬಂದಿಲ್ಲ. ಜೋರಾಗಿ ಮಾತಾಡು, ಅಷ್ಟೇ.

ಮರಿ


ಜನವರಿ 5

ನನ್ನ ಮರಿಗೆ,

ನೀನು ಹೋದ ಮೇಲೆ ಮನೆ ಖಾಲಿಯಾಗಿದೆ. ಆದರೆ ಮೊದಲಿನ ಖಾಲಿಯಲ್ಲ, ನೆಂಟರು ಹೋದ ಮೇಲಿನ ಖಾಲಿ. ಗುಡಿಸಿದರೆ ಸರಿಹೋಗುವಂಥದ್ದು.

ನೀನು ಎರಡು ಸಲ ಕೇಳಿದೆ, ನಮ್ಮ ಜೊತೆಗೇ ಬಂದು ಇರು ಎಂದು. ನಾನು ಮಾತು ಹಾರಿಸಿದೆ. ಈಗ ಬರೆದು ಹೇಳುತ್ತೇನೆ, ನಿನಗೆ ಸರಿಯಾಗಿ ತಲುಪಲಿ ಎಂದು. ಬರುವುದಿಲ್ಲ. ರಜೆಯಲ್ಲಿ ಬಂದು ನಿನ್ನ ಹೆಂಡತಿಯ ಕೈಯೂಟ ಉಣ್ಣುತ್ತೇನೆ, ನಿನ್ನ ಡ್ರಿಲ್ ಮೇಷ್ಟ್ರನ್ನು ನೋಡುತ್ತೇನೆ, ಬೇಕರಿಯವನ ಬನ್ನು ತಿನ್ನುತ್ತೇನೆ. ಆದರೆ ನನ್ನ ಮನೆ ಇದು, ಕೆಲಸ ಇಲ್ಲಿದೆ.

ಅಡುಗೆಮನೆಯಲ್ಲಿ ಅವತ್ತು ನಾವು ನಕ್ಕೆವಲ್ಲ, ನೀನು ಯಾಕೆಂದು ಗೊತ್ತಿಲ್ಲದೆಯೇ ನನ್ನ ಜೊತೆ ನಕ್ಕೆ. ಏನಾಯಿತೆಂದು ಹೇಳುತ್ತೇನೆ. ನೀನು ಟೀ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತಿದ್ದೆ. ಬಾಯಿ ತೆರೆದು ಎಲ್ಲ ಹೇಳಿಬಿಡಬೇಕೆಂದು ನಾನು ಶುರುಮಾಡಿದೆ. “ನಿನ್ನ ಭಾವ ನನ್ನ ಬಿಟ್ಟು ಹೋದ್ರು ಕಣೋ” ಎಂದೆ. “ಏನಂದೆ?” ಎಂದೆ ನೀನು. ಮತ್ತೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. “ಕೇಳ್ಸಲಿಲ್ಲ ಅಕ್ಕಾ, ಈ ಕಡೆ ತಿರುಗು” ಎಂದೆ. ಗೊತ್ತಿದ್ದ ವಿಷಯವನ್ನೇ ಹೇಳುತ್ತಿದ್ದೇನೆ ಎಂಬುದೂ ನಿನಗೆ ತಿಳಿಯಲಿಲ್ಲ. ಒಲೆ ಆರಿಸಿ, ನಿನ್ನ ಎದುರಿಗೆ ನಿಂತು, ಹೊಟ್ಟೆಯಾಳದಿಂದ ಕೂಗಿದೆ: “ನನ್ನ ಗಂಡ ನನ್ನ ಬಿಟ್ಟು ಹೋದ್ರು! ಇನ್ನೊಬ್ಬಳ ಜೊತೆ ಇದ್ದಾರೆ! ವಾಪಸ್ ಬರಲ್ಲ!”

ಕಿಟಕಿ ತೆರೆದಿತ್ತು. ಎದುರಿನ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ಹಿಂಡುವುದನ್ನು ನಿಲ್ಲಿಸಿದಳು. ಕೆಳಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದವನು ಕಾಲೂರಿ ನಿಂತು ಮೇಲೆ ನೋಡಿದ. ಮಹಡಿಯ ಮೇಲೆ ಕುರ್ಚಿ ಎಳೆದ ಸದ್ದಾಯಿತು. ನಾಲ್ಕು ತಿಂಗಳು ಬಾಗಿಲು ಹಾಕಿ, ಪರದೆ ಎಳೆದು ಕಾಪಾಡಿದ ಗುಟ್ಟು, ಕ್ಷಣದಲ್ಲಿ ಬೀದಿಗೆಲ್ಲ ಹೋಯಿತು. ನನಗೆ ಸತ್ತುಹೋಗಬೇಕು ಅನ್ನಿಸಬೇಕಿತ್ತು. ನಗು ಬಂತು. ನೀನು ನನ್ನ ಮುಖ ನೋಡಿ ನಕ್ಕೆ.

ನೀನು ಹೋದ ಮರುದಿನ ಮಹಡಿಯಾಕೆ ಬಂದು ಬಾಗಿಲಲ್ಲಿ ನಿಂತಳು. ಏನು ಹೇಳಬೇಕೋ ತಿಳಿಯದೆ “ನಿಮ್ಮನೆ ನಲ್ಲಿ ಸೋರುತ್ತಿತ್ತಲ್ಲ, ನಮ್ಮನೆಗೆ ಪ್ಲಂಬರ್ ಬಂದಿದ್ದಾನೆ, ಕಳಿಸ್ಲಾ?” ಎಂದಳು. ಕಳಿಸಿ ಎಂದೆ. ನಲ್ಲಿ ಸರಿಯಾಯಿತು.

ಲೈಬ್ರರಿಯ ಓದುವ ಕೋಣೆ ಮತ್ತೆ ತೆರೆದಿದೆ. ಗೋಡೆಗಳು ಬೆಳ್ಳಗಿವೆ, ಸುಣ್ಣದ ವಾಸನೆ ಇನ್ನೂ ಹೋಗಿಲ್ಲ. ನಿನ್ನೆ ಬೆಳಿಗ್ಗೆ, ದಿನವೂ ಪತ್ರಿಕೆ ಓದಲು ಬರುವ ಹಿರಿಯರೊಬ್ಬರು ನನ್ನ ಮೇಜಿನ ಹತ್ತಿರ ಬಂದು ಬಗ್ಗಿ, “ಯಜಮಾನ್ರಿಗೆ ಈ ಕಡೆ ವರ್ಗ ಆಯ್ತಾ ಅಮ್ಮಾ?” ಎಂದು ಪಿಸುಗುಟ್ಟಿದರು.

“ಇಲ್ಲ. ಅವ್ರು ನನ್ನ ಬಿಟ್ಟು ಹೋಗಿದ್ದಾರೆ” ಎಂದೆ. ಪಿಸುಗುಟ್ಟಲಿಲ್ಲ. ಸಹಜವಾಗಿ, ಮನುಷ್ಯರು ಮಾತಾಡುವ ದನಿಯಲ್ಲಿ ಹೇಳಿದೆ.

ಕೋಣೆಯಲ್ಲಿದ್ದವರೆಲ್ಲ ಪತ್ರಿಕೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಆಮೇಲೆ ಒಬ್ಬೊಬ್ಬರಾಗಿ ಹಾಳೆ ಮಗುಚಿ ಓದಲು ತೊಡಗಿದರು.

ನಿನ್ನ
ಅಕ್ಕ